ಅರ್ಧ ಗ್ಲಾಸಿಗೇ ಅಷ್ಟು ಅಮಲು ಏರಿದರೆ: ಗೋಕರ್ಣಕ್ಕೆ ಹೊರಟವರ ಪ್ರಶ್ನೆ, ವೈದ್ಯರ ಉತ್ತರ

ಪ್ರಶ್ನೆ: ನಾನು ಶಿರಸಿಯವಳು, ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ಮುಂದಿನ ತಿಂಗಳು ಆಫೀಸಿನ ಏಳೆಂಟು ಮಂದಿ ಎರಡು ರಾತ್ರಿಗೆಂದು ಗೋಕರ್ಣಕ್ಕೆ ಹೊರಟಿದ್ದೇವೆ. ಹಿಂದೆ ಬೇರೆ ಗುಂಪಿನ ಜೊತೆ ಅಲ್ಲಿಗೇ ಹೋಗಿದ್ದ ಗೆಳತಿಯೊಬ್ಬಳು, ಅರ್ಧ ಗ್ಲಾಸ್ ಬಿಯರ್ ಕುಡಿದದ್ದಷ್ಟೇ ನೆನಪು, ಆಮೇಲಿನ ನಾಲ್ಕು ತಾಸು ಪೂರ್ತಿ ಖಾಲಿ ಎನ್ನುತ್ತಾಳೆ. ಬೆಳಗ್ಗೆ ಎದ್ದಾಗ ರೂಮಿನಲ್ಲಿದ್ದಳು, ಯಾರು ತಂದು ಬಿಟ್ಟರೋ ತಿಳಿಯದು. ಸ್ನಾನ ಮಾಡಿ, ಬಟ್ಟೆ ಒಗೆದು, ಬಸ್ ಹತ್ತಿ ಬಂದಳು. ಯಾರಿಗೂ ಹೇಳಿಲ್ಲ. ಆನ್‌ಲೈನ್‌ನಲ್ಲಿ ಸಿಗುವ, ಪಾನೀಯದಲ್ಲಿ ಔಷಧ ಬೆರೆಸಿದೆಯೇ ಎಂದು ತೋರಿಸುವ ಟೆಸ್ಟ್ ಪಟ್ಟಿ (ಸ್ಟ್ರಿಪ್) ತಗೊಂಡು ಹೋದರೆ ಸಾಕೇ? ಅಂಥದ್ದೇನಾದರೂ ಆದರೆ ಮೊದಲು ಪೊಲೀಸ್ ಠಾಣೆಯೋ ಆಸ್ಪತ್ರೆಯೋ? ಮನೆಯವರಿಗೆ ಗೊತ್ತಾಗದಂತೆ ಚಿಕಿತ್ಸೆ ಸಿಗುತ್ತದೆಯೇ?

ಉತ್ತರ: ಮೊದಲು ಕೇಳಿದ್ದಕ್ಕೆ ನೇರವಾಗಿ ಹೇಳಿಬಿಡುತ್ತೇನೆ. ಆಸ್ಪತ್ರೆ ಮೊದಲು. ಪೊಲೀಸರಿಗೆ ತಿಳಿಸುವ ಕೆಲಸ ಆಸ್ಪತ್ರೆಯದ್ದೂ ಹೌದು. ಟೆಸ್ಟ್ ಪಟ್ಟಿಗೆ ಹಾಕುವ ದುಡ್ಡಿಗೆ ಒಂದು ಪವರ್ ಬ್ಯಾಂಕ್ ಕೊಳ್ಳಿ. 18 ತುಂಬಿದವರಿಗೆ ಮನೆಯವರ ಒಪ್ಪಿಗೆಯಿಲ್ಲದೆ ಚಿಕಿತ್ಸೆಯೂ ಸಿಗುತ್ತದೆ, ಪರೀಕ್ಷೆಯೂ ಆಗುತ್ತದೆ. ಇನ್ನು ವಿವರಕ್ಕೆ ಬರೋಣ.

ಗ್ಲಾಸಿಗೆ ಏನೋ ಬೆರೆಸಿದರು ಎಂದೊಡನೆ ಎಲ್ಲರಿಗೂ ಹೊಳೆಯುವುದು ಬಿಳಿ ಪುಡಿ, ಅಪರಿಚಿತ ಗಂಡಸು. ನಿಜದಲ್ಲಿ ಇಂಥ ಪ್ರಕರಣಗಳಲ್ಲಿ ಜಗತ್ತಿನೆಲ್ಲೆಡೆ ಹೆಚ್ಚು ಕಾಣಿಸುವ ಮಾದಕ ವಸ್ತು ಮದ್ಯವೇ: ಕುಡಿಯುವವಳಿಗೆ ತಿಳಿಯದಂತೆ ಹೆಚ್ಚಾಗಿ ಸುರಿದದ್ದು, ಇಲ್ಲವೇ ‘ಇನ್ನೊಂದೇ ಒಂದು’ ಎಂದು ಒತ್ತಾಯಿಸಿ ಕುಡಿಸಿದ್ದು. ಆರೋಪಿಯೂ ಸಾಮಾನ್ಯವಾಗಿ ಹೊರಗಿನವನಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾರ್ಷಿಕ ವರದಿಗಳಲ್ಲಿ ಅತ್ಯಾಚಾರ ಪ್ರಕರಣಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. ಹಾಗಾಗಿ ಬೀಚಿನಲ್ಲಿ ಸಿಕ್ಕ ವಿದೇಶಿಯ ಮೇಲೆ ಕಣ್ಣಿಟ್ಟು, ಜೊತೆಗೆ ಬಂದವರ ಕೈಗೆ ಗ್ಲಾಸ್ ಕೊಟ್ಟು ಈಜಲು ಇಳಿಯುವುದು ತಲೆಕೆಳಗಾದ ಎಚ್ಚರ.

ಮದ್ಯದ ಲೆಕ್ಕ ಗೊತ್ತಿದ್ದರೆ ‘ಇದು ನಾನು ಕುಡಿದದ್ದಕ್ಕೆ ಬರುವ ಅಮಲಲ್ಲ’ ಎಂದು ಅಳೆಯಲು ಆಗುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ರಮ್, ವೋಡ್ಕಾ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರದವು. 30 ಮಿ.ಲೀ.ನ ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ, 60ರಲ್ಲಿ 20, ಒಂದು ನೈಂಟಿಯಲ್ಲಿ 30. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ, ಅಂದರೆ ನಾಲ್ಕು ಸಣ್ಣ ಪೆಗ್. ‘ಬರೀ ಬಿಯರ್ ಕಣ್ರೀ’ ಎನ್ನುವ ಮಾತಿನ ಒಳಗೆ ಇಷ್ಟಿದೆ. ಐವತ್ತು ಐವತ್ತೈದು ಕೆ.ಜಿ. ತೂಕದ ಹೆಣ್ಣುಮಗಳ ದೇಹ ತಾಸಿಗೆ ಏಳೆಂಟು ಗ್ರಾಂ ಕರಗಿಸುತ್ತದೆ. ಆ ಒಂದು ಬಾಟಲಿ ಇಳಿಯಲು ಐದಾರು ತಾಸು ಬೇಕು. ಖಾಲಿ ಹೊಟ್ಟೆಯಲ್ಲಿ ಬೇಗ ಬೇಗ ಕುಡಿದರೆ ಮಿದುಳಿನಲ್ಲಿ ನೆನಪು ದಾಖಲಾಗುವ ಕೆಲಸ ನಿಂತುಹೋಗುತ್ತದೆ, ಆದರೆ ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ಫೋಟೋದಲ್ಲಿ ನಗುತ್ತಿದ್ದಾಳಲ್ಲ ಎಂದು ವಾದಿಸುವವರಿಗೆ ಇದು ಗೊತ್ತಿರುವುದಿಲ್ಲ.

ಜಗ್ಗಿನಲ್ಲಿ ಕಲಸಿ ಕೊಡುವ ಕಾಕ್‌ಟೇಲ್, ಮನೆಯಿಂದ ತಂದ ಫೆನಿ, ಕಾರವಾರದ ಗುಂಪುಗಳು ಮಾಜಾಳಿ ಗಡಿಯಾಚೆಯ ಗೋವಾದಿಂದ ತರುವ ಸೋವಿ ಬಾಟಲಿ, ಇವುಗಳಲ್ಲಿ ಗ್ಲಾಸಿಗೆ ಎಷ್ಟು ಬಿತ್ತು ಎಂದು ಸುರಿದವನಿಗೆ ಮಾತ್ರ ಗೊತ್ತು. ನಾನಾದರೆ ಜಗ್ಗಿನದು ಬೇಡ ಎನ್ನುತ್ತೇನೆ, ಅಷ್ಟೆ.

ಮದ್ಯದ ನಂತರ ಬರುವುದು ನಿದ್ದೆ ಮತ್ತು ಆತಂಕದ ಮಾತ್ರೆಗಳು: ಆಲ್ಪ್ರಜೋಲಂ, ಲೋರಜೆಪಾಂ, ಕ್ಲೋನಜೆಪಾಂ, ಜೋಲ್ಪಿಡೆಂ ಮೊದಲಾದವು. ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಕಾನೂನಿದ್ದರೂ ಹಲವು ಮನೆಗಳ ಔಷಧದ ಡಬ್ಬಿಯಲ್ಲಿ ಇವು ಇರುತ್ತವೆ. ರೈಲಿನಲ್ಲಿ ಚಹಾ, ಬಿಸ್ಕಿಟ್ ಕೊಟ್ಟು ದೋಚುವವರು ಬಳಸುವುದೂ ಹೆಚ್ಚಾಗಿ ಇದೇ ಗುಂಪಿನ ಔಷಧ. ವಿದೇಶದ ಲೇಖನಗಳಲ್ಲಿ ಪದೇಪದೇ ಬರುವ ರೋಹಿಪ್ನಾಲ್ ಎಂಬ ನಿದ್ದೆ ಮಾತ್ರೆ ನಮ್ಮಲ್ಲಿ ಅಪರೂಪ. ಜಿಎಚ್‌ಬಿ, ಕೆಟಮಿನ್‌ಗಳು ಪಾರ್ಟಿ ಜಾಗಗಳಲ್ಲಿ ಕೇಳಿಬರುವ ಅಮಲಿನ ಔಷಧಗಳ ಹೆಸರು. ದತ್ತೂರಿ, ಅಂದರೆ ನಮ್ಮ ಮದ್ದುಗುಣಿಕೆ, ಈ ದೇಶದಲ್ಲಿ ದಾರಿಗಳ್ಳರ ಹಳೆಯ ವಿಷ. ಅದರ ಚಿತ್ರವೇ ಬೇರೆ: ಬಾಯಿ ಒಣಗಿ ನಾಲಿಗೆ ಅಂಟುತ್ತದೆ, ಮೈ ಕೆಂಪಾಗಿ ಬಿಸಿಯಾಗುತ್ತದೆ, ಕಣ್ಣಪಾಪೆ ಅಗಲವಾಗುತ್ತದೆ, ರೋಗಿ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಾ ಬಡಬಡಿಸುತ್ತಾಳೆ.

ನಮ್ಮ ಕರಾವಳಿಗೆ ವಿಶೇಷವಾಗಿ ಹೇಳಬೇಕಾದ್ದು ಎರಡಿವೆ. ಒಂದು, ಗಾಂಜಾ ಬೆರೆಸಿದ ತಿಂಡಿ. ಬ್ರೌನಿಯೋ ಕುಕಿಯೋ ಭಂಗಿಯ ಹಾಲೋ ಹೊಟ್ಟೆ ಸೇರಿದ ಮೇಲೆ ಕೆಲಸ ಶುರುಮಾಡಲು ಅರ್ಧ ತಾಸಿನಿಂದ ಎರಡು ತಾಸು ಹಿಡಿಯುತ್ತದೆ. ‘ಏನೂ ಆಗ್ಲಿಲ್ಲ’ ಎಂದು ಇನ್ನೊಂದು ತುಂಡು ತಿಂದವರಿಗೆ ಎರಡೂ ಒಟ್ಟಿಗೆ ಏರುತ್ತವೆ. ಎರಡು, ಬಸ್ಸಿನ ವಾಂತಿ ಮಾತ್ರೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವ ಮೊದಲು ಎಷ್ಟೋ ಮಂದಿ ಅವೋಮಿನ್ ನುಂಗುತ್ತಾರೆ. ಅದರಲ್ಲಿರುವ ಪ್ರೊಮೆಥಜಿನ್ ಚೆನ್ನಾಗಿ ನಿದ್ದೆ ಬರಿಸುವ ಔಷಧ, ಪರಿಣಾಮ ಸಂಜೆಯ ತನಕವೂ ಇರಬಹುದು. ಅದರ ಮೇಲೆ ಬಿಯರ್ ಬಿದ್ದರೆ ಅರ್ಧ ಗ್ಲಾಸಿಗೂ ಕಣ್ಣು ಕೂರುತ್ತದೆ. ಶೀತ, ಅಲರ್ಜಿ, ಫಿಟ್ಸ್ ಮಾತ್ರೆಗಳದ್ದೂ ಇದೇ ಕತೆ. ನೀವು ಘಟ್ಟ ಇಳಿಯುವ ದಿನ ಮಾತ್ರೆ ತಗೊಂಡಿದ್ದರೆ ಅವತ್ತು ರಾತ್ರಿ ಮದ್ಯ ಬೇಡ.

ಟೆಸ್ಟ್ ಪಟ್ಟಿ ಯಾಕೆ ಬೇಡ ಎಂದೆ? ಒಂದು ಪಟ್ಟಿ ಒಂದೋ ಎರಡೋ ಔಷಧಗಳನ್ನಷ್ಟೇ ಹಿಡಿಯುತ್ತದೆ. ಹಾಲಿನ ಅಂಶ, ಲಿಂಬೆಯ ಹುಳಿ, ಗಾಢ ಬಣ್ಣ ಇದ್ದರೆ ಬಣ್ಣ ಬದಲಾವಣೆ ಓದಲು ಬಾರದು. ಎಲ್ಲಕ್ಕಿಂತ ದೊಡ್ಡದು, ಅತಿ ಸಾಮಾನ್ಯ ಅಪಾಯವಾದ ಹೆಚ್ಚುವರಿ ಮದ್ಯವನ್ನು ಅದು ತೋರಿಸುವುದಿಲ್ಲ. ಪಟ್ಟಿ ‘ಏನಿಲ್ಲ’ ಎಂದಿತೆಂದು ನಿಶ್ಚಿಂತೆಯಿಂದ ಕುಡಿಯುವವಳು ಪಟ್ಟಿಯಿಲ್ಲದವಳಿಗಿಂತ ಹೆಚ್ಚು ಅಪಾಯದಲ್ಲಿರುತ್ತಾಳೆ. ಬಣ್ಣ, ವಾಸನೆ, ರುಚಿಯಿಂದ ಪತ್ತೆ ಮಾಡುತ್ತೇನೆ ಎನ್ನುವುದೂ ನಂಬತಕ್ಕದ್ದಲ್ಲ. ರುಚಿ ಬದಲಾಗಿದ್ದರೆ ಚೆಲ್ಲಿಬಿಡಿ, ಬದಲಾಗದಿದ್ದರೆ ಸುರಕ್ಷಿತ ಎಂದು ತಿಳಿಯಬೇಡಿ. ವಾಟ್ಸಾಪ್‌ನಲ್ಲಿ ವರ್ಷಗಟ್ಟಲೆ ಸುತ್ತುತ್ತಿರುವ ಎರಡು ಸುಳ್ಳುಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಪ್ರೊಜೆಸ್ಟರೆಕ್ಸ್’ ಎಂಬ, ಶಾಶ್ವತ ಬಂಜೆತನ ತರುವ ಮಾತ್ರೆ ಇಲ್ಲವೇ ಇಲ್ಲ. ವಿಸಿಟಿಂಗ್ ಕಾರ್ಡ್ ಮುಟ್ಟಿದ ಕೂಡಲೇ ಎಚ್ಚರ ತಪ್ಪಿಸುವ ಔಷಧವೂ ಇಲ್ಲ.

ಪ್ರವಾಸಕ್ಕೆ ಹೊರಡುವ ಮುಂಚೆ ಗುಂಪಿನಲ್ಲಿ ಒಬ್ಬರು, ಪ್ರತಿ ರಾತ್ರಿಗೆ ಒಬ್ಬರಂತೆ, ಕುಡಿಯದೆ ಇರಬೇಕೆಂದು ಗೊತ್ತುಮಾಡಿ. ಆ ಸರದಿ ಬಸ್ಸಿನಲ್ಲೇ ಹಂಚಿಕೆಯಾಗಲಿ, ಶ್ಯಾಕಿನಲ್ಲಿ (ಬೀಚಿನ ಗುಡಿಸಲು ಹೋಟೆಲಿನಲ್ಲಿ) ಕೂತ ಮೇಲೆ ಯಾರೂ ಮುಂದೆ ಬರುವುದಿಲ್ಲ. ಹುಡುಗಿಯರು ಒಟ್ಟಿಗೆ ಹೋಗಿ ಒಟ್ಟಿಗೇ ವಾಪಸಾಗುವುದು. ಯಾರಾದರೂ ಬೇರೆ ಕಡೆ ಹೊರಟರೆ ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸ್ ಎಂದು ಗ್ರೂಪಿನಲ್ಲಿ ಒಂದು ಸಾಲು. ‘ಅಮ್ಮನ ಫೋನ್ ಬಂತು’ ಎಂದರೆ ‘ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗಿ’ ಎಂದರ್ಥ ಅಂತ ಮೊದಲೇ ಮಾತಾಡಿಕೊಂಡರೆ ಎಲ್ಲರೆದುರು ವಿವರಿಸುವ ಮುಜುಗರ ಇರುವುದಿಲ್ಲ.

ಜಾಗದ ಭೂಗೋಳವನ್ನೂ ನೋಡಿಕೊಳ್ಳಿ. ಓಂ ಬೀಚಿನವರೆಗೆ ಗಾಡಿ ಬರುತ್ತದೆ. ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ಅಲ್ಲಿ ರಾತ್ರಿ ಒಬ್ಬಳು ಕುಸಿದರೆ ಕತ್ತಲಲ್ಲಿ ಎತ್ತಿ ತರಬೇಕು. 108ರ ಆಂಬ್ಯುಲೆನ್ಸ್ ಆ ಮರಳಿಗೆ ಬರಲಾರದು, ಕೆಲವೆಡೆ ಫೋನಿಗೆ ಸಿಗ್ನಲ್ಲೂ ಸಿಗದು. ಕುಡಿಯುವುದಿದ್ದರೆ ಗಾಡಿ ಬರುವ ಜಾಗದಲ್ಲಿ ಕುಡಿಯಿರಿ. ರೂಮಿನ ಒಳಗಿನ ಚಿಲಕ ಬೀಳುತ್ತದೆಯೇ ಎಂದು ಬ್ಯಾಗ್ ಇಡುವಾಗಲೇ ನೋಡಿ, ಬೀಳದಿದ್ದರೆ ರೂಮ್ ಬದಲಿಸಿ. ದಾಂಡೇಲಿ ಕಡೆಯ ಕಾಡಿನ ಹೋಮ್‌ಸ್ಟೇಗಳಿಗೂ ಇದೇ ಮಾತು.

ಕೂತ ಮೇಲೆ: ಸೀಲ್ ಇರುವ ಬಾಟಲಿ ಅಥವಾ ಕ್ಯಾನ್, ನಿಮ್ಮೆದುರೇ ತೆರೆದದ್ದು. ಕೋಕಂ ಶರಬತ್ತು, ಸೋಲ್ ಕಡಿ, ಎಳನೀರಿಗೂ ಇದೇ ನಿಯಮ, ಮದ್ಯ ಕುಡಿಯದವರು ತಮಗೆ ಅಪಾಯವಿಲ್ಲ ಅಂದುಕೊಳ್ಳುವಂತಿಲ್ಲ. ಬಾತ್‌ರೂಮಿಗೆ ಹೋಗುವಾಗ, ನೀರಿಗಿಳಿಯುವಾಗ ಗ್ಲಾಸ್ ಗೆಳತಿಯ ಕೈಯಲ್ಲಿರಬೇಕು, ಮೇಜಿನ ಮೇಲಲ್ಲ. ಮೇಜಿನ ಮೇಲೆ ಬಿಟ್ಟು ಹೋದದ್ದನ್ನು ಮತ್ತೆ ಬಾಯಿಗಿಡಬೇಡಿ. ಹೋದರೆ ಇನ್ನೂರು ಮುನ್ನೂರು ರೂಪಾಯಿ ಹೋಗುತ್ತದೆ. ಹೊಟ್ಟೆಗೆ ಮೊದಲು ಊಟ ಹೋಗಿರಲಿ. ಬಿಲ್ಲನ್ನು ಯುಪಿಐಯಲ್ಲಿ ಕಟ್ಟುವುದು ಒಳ್ಳೆಯದು. ಎಷ್ಟು ತರಿಸಿದಿರಿ, ಎಷ್ಟು ಹೊತ್ತಿಗೆ ಎಂಬುದಕ್ಕೆ ಅದೊಂದು ಸಾಕ್ಷಿ. ಇಷ್ಟೆಲ್ಲ ಮಾಡದೇ ಇದ್ದವಳ ಮೇಲೂ ಏನಾದರೂ ಆದರೆ ತಪ್ಪು ಬೆರೆಸಿದವನದ್ದೇ. ಇದನ್ನು ಉಪದೇಶಕ್ಕಾಗಿ ಹೇಳುತ್ತಿಲ್ಲ, ಕಾನೂನು ಹೇಳುವುದೇ ಹಾಗೆ.

ಅನುಮಾನ ಪಡಬೇಕಾದದ್ದು ಯಾವಾಗ? ಕುಡಿದ ಲೆಕ್ಕಕ್ಕೂ ಅಮಲಿಗೂ ತಾಳೆಯಾಗದಾಗ. ಹದಿನೈದಿಪ್ಪತ್ತು ನಿಮಿಷದಿಂದ ಒಂದು ತಾಸಿನೊಳಗೆ ದಿಢೀರನೆ ನಾಲಿಗೆ ತೊದಲುವುದು, ಕಾಲು ನಿಲ್ಲದಿರುವುದು, ಕಣ್ಣು ಮುಚ್ಚಿಹೋಗುವುದು, ಕೇಳಿದ್ದನ್ನೇ ಕೇಳುವುದು, ಕೆಲವರಲ್ಲಿ ವಾಂತಿ. ನಿಮಗೇ ಹಾಗನ್ನಿಸಿದರೆ ಬಾತ್‌ರೂಮಿಗೋ ರೂಮಿಗೋ ಒಬ್ಬರೇ ಹೋಗಬೇಡಿ. ನಾಲಿಗೆ ಆಡುವಾಗಲೇ ಗೆಳತಿಗೆ ‘ನಂಗೆ ಏನೋ ಆಗ್ತಾ ಇದೆ, ನನ್ನ ಬಿಟ್ಟು ಹೋಗ್ಬೇಡ’ ಎಂದು ಹೇಳಿ. ಜೊತೆಯವರು ಗಮನಿಸಬೇಕಾದ್ದು ಇನ್ನೊಂದು: ಆ ಹೊತ್ತಿನಲ್ಲಿ ‘ನಾನೇ ರೂಮಿಗೆ ಬಿಟ್ಟು ಬರ್ತೀನಿ, ನೀವು ಎಂಜಾಯ್ ಮಾಡಿ’ ಎಂದು ಮುಂದೆ ಬರುವವನನ್ನು. ಒಳ್ಳೆಯವನೇ ಇರಬಹುದು. ಆದರೂ ಅವಳ ಜೊತೆ ಒಬ್ಬ ಹುಡುಗಿ ಹೋಗಲೇಬೇಕು, ಅವಳ ಬಳಿಯೇ ಮಲಗಬೇಕು.

ಕುಸಿದವಳನ್ನು ಎಡಕ್ಕೆ ಮಗ್ಗುಲಾಗಿ ಮಲಗಿಸಿ, ಮೇಲಿನ ಮೊಣಕಾಲು ಮಡಚಿ ನೆಲಕ್ಕೆ ಆನಿಸಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿ ಬಾಯಿ ಕೆಳಮುಖವಾಗಿರಲಿ. ಅಂಗಾತ ಮಲಗಿದವಳಿಗೆ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಸಾವು ಬರುವುದು ಹೆಚ್ಚಾಗಿ ಈ ದಾರಿಯಲ್ಲೇ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಲಿಂಬೆಹಣ್ಣು, ಮಜ್ಜಿಗೆ, ಕಾಫಿ ಯಾವುದೂ ಬೇಡ. ಅಮಲಿಳಿಯಲಿ ಎಂದು ಸಮುದ್ರಕ್ಕೆ ಇಳಿಸುವ ಹುಂಬತನವಂತೂ ಬೇಡವೇ ಬೇಡ. ಮೊಬೈಲಿನಲ್ಲಿ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎಂಟಕ್ಕಿಂತ ಕಡಿಮೆಯಿದ್ದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಬಿಡುವಿದ್ದರೆ, ತುಟಿ ನೀಲಿಯಾಗಿದ್ದರೆ, ಭುಜ ಗಟ್ಟಿಯಾಗಿ ಚಿವುಟಿದರೂ ಮಿಸುಕದಿದ್ದರೆ, ಸೆಳೆತ ಬಂದರೆ 108 ಅಥವಾ 112ಕ್ಕೆ ಫೋನ್ ಮಾಡಿ, ತಡವಾಗುವುದಾದರೆ ಸಿಕ್ಕ ಗಾಡಿಯಲ್ಲೇ ಹೊರಡಿ. ‘ನಿದ್ದೆ ಮಾಡಿದ್ರೆ ಸರಿಹೋಗ್ತಾಳೆ’ ಎಂದು ಬಾಗಿಲು ಹಾಕಿ ಬಂದುಬಿಡಬೇಡಿ, ಹೊಟ್ಟೆಯಲ್ಲಿರುವುದು ಇನ್ನೂ ರಕ್ತಕ್ಕೆ ಏರುತ್ತಿರುತ್ತದೆ.

ಈಗ ಮರುದಿನ ಬೆಳಗ್ಗೆಯ ವಿಷಯ. ಹೆಚ್ಚಿನ ಪ್ರಕರಣಗಳು ಕೈತಪ್ಪುವುದು ಇಲ್ಲೇ. ಎದ್ದವರು ಮೊದಲು ಮಾಡುವುದು ಮೂತ್ರ, ಎರಡನೆಯದು ಸ್ನಾನ. ಸಾಕ್ಷ್ಯದ ದೃಷ್ಟಿಯಿಂದ ಎರಡೂ ನಷ್ಟ. ಕೆಲವು ಔಷಧಗಳು ರಕ್ತದಿಂದ ಏಳೆಂಟು ತಾಸಿನಲ್ಲಿ, ಮೂತ್ರದಿಂದ ಹನ್ನೆರಡು ತಾಸಿನಲ್ಲಿ ಮಾಯವಾಗುತ್ತವೆ. ನಿದ್ದೆ ಮಾತ್ರೆಗಳ ಕುರುಹು ಮೂತ್ರದಲ್ಲಿ ಕೆಲವು ದಿನ ಉಳಿಯಬಹುದು. ಹಾಗಾಗಿ ಎದ್ದ ಮೇಲಿನ ಮೊದಲ ಮೂತ್ರಕ್ಕೆ ಇರುವ ಬೆಲೆ ಆಮೇಲಿನ ಯಾವುದಕ್ಕೂ ಇಲ್ಲ. ಆಸ್ಪತ್ರೆಯ ತನಕ ತಡೆದುಕೊಳ್ಳಲು ಆದರೆ ಸರಿ. ಆಗದಿದ್ದರೆ ಒಣಗಿದ, ಸ್ವಚ್ಛವಾದ, ಮುಚ್ಚಳವಿರುವ ಬಾಟಲಿಯಲ್ಲಿ ಪೂರ್ತಿ ಹಿಡಿದಿಟ್ಟು, ದಿನಾಂಕ, ಹೊತ್ತು ಬರೆದು, ಫ್ರಿಜ್ ಇದ್ದರೆ ಅದರಲ್ಲಿ, ಇಲ್ಲದಿದ್ದರೆ ಐಸ್ ಚೀಲದಲ್ಲಿ ಇಡಿ. ಜ್ಯೂಸ್ ಇದ್ದ ಬಾಟಲಿ ಬೇಡ. ಮನೆಯಲ್ಲಿ ಹಿಡಿದ ಮಾದರಿಯನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು, ನಿಜ. ಆದರೂ ಚರಂಡಿಗೆ ಹೋದದ್ದಕ್ಕಿಂತ ಅದು ಮೇಲು. ಆಸ್ಪತ್ರೆಯಲ್ಲಿ ಹೇಗೂ ಇನ್ನೊಮ್ಮೆ ತೆಗೆಯುತ್ತಾರೆ.

ಸ್ನಾನ ಮಾಡಬೇಡಿ, ಬಾಯಿ ಮುಕ್ಕಳಿಸಬೇಡಿ, ಉಗುರು ಕತ್ತರಿಸಬೇಡಿ. ಹಾಕಿದ್ದ ಬಟ್ಟೆಯಲ್ಲೇ ಹೋಗಿ, ಬದಲಿ ಬಟ್ಟೆ ಚೀಲದಲ್ಲಿರಲಿ. ಬಟ್ಟೆ ಬದಲಿಸಿ ಆಗಿದ್ದರೆ ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಕವರ್ ಬೇಡ. ನಮ್ಮ ಕಡಲ ತೀರದ ತೇವಕ್ಕೆ, ಅದರಲ್ಲೂ ಮಳೆಗಾಲದಲ್ಲಿ, ಪ್ಲಾಸ್ಟಿಕ್ಕಿನೊಳಗಿನ ಒದ್ದೆ ಬಟ್ಟೆ ಒಂದೆರಡು ದಿನದಲ್ಲೇ ಬೂಸು ಹಿಡಿದು ಕುರುಹು ಹಾಳಾಗುತ್ತದೆ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ ಇಡಿ. ಉಳಿದ ಪಾನೀಯ, ಗ್ಲಾಸ್, ವಾಂತಿಯಾದ ಬಟ್ಟೆ ಇದ್ದರೆ ತೊಳೆಯದೆ ತನ್ನಿ. ಇಷ್ಟರಲ್ಲಿ ಸ್ನಾನ ಆಗಿಹೋಗಿದ್ದರೆ ‘ಇನ್ನೇನು ಪ್ರಯೋಜನ’ ಎಂದು ಸುಮ್ಮನಾಗಬೇಡಿ, ಆಗಲೂ ಸಿಗುವುದಿರುತ್ತದೆ. ದೇಹದ ಮೇಲಿನ ಸಾಕ್ಷ್ಯ ಸಂಗ್ರಹಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ 96 ತಾಸಿನ ತನಕ ಅವಕಾಶ ಕೊಟ್ಟಿದೆ.

ಯಾವ ಆಸ್ಪತ್ರೆ? ಗೋಕರ್ಣದಿಂದ ಕುಮಟಾ ತಾಲೂಕು ಆಸ್ಪತ್ರೆ ಸುಮಾರು 30 ಕಿ.ಮೀ., ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಸುಮಾರು 60. ಶಿರಸಿಯಲ್ಲಾದರೆ ಪಂಡಿತ್ ಸಾರ್ವಜನಿಕ ಆಸ್ಪತ್ರೆ. ಮಾದರಿ ತೆಗೆಯುವುದಕ್ಕೆ ಹತ್ತಿರದ್ದೇ ಒಳ್ಳೆಯದು. ದೊಡ್ಡ ಆಸ್ಪತ್ರೆ ಬೇಕೆಂದು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾದ ಬಾಂಬೋಳಿಗೋ ಮೂರು ತಾಸು ಗಾಡಿ ಓಡಿಸಿದರೆ ಆ ಮೂರು ತಾಸಿನ ಔಷಧ ದೇಹದಿಂದ ಹೊರಬಿದ್ದಿರುತ್ತದೆ. ಈ ಜಿಲ್ಲೆಯವರಿಗೆ ದೊಡ್ಡ ಚಿಕಿತ್ಸೆಗೆ ಗಡಿ ದಾಟುವುದು ಅಭ್ಯಾಸವಾಗಿಹೋಗಿದೆ, ಈ ಒಂದು ವಿಷಯದಲ್ಲಿ ಆ ಅಭ್ಯಾಸ ಬಿಡಿ. ಸರ್ಕಾರಿಯೇ ಇರಲಿ ಖಾಸಗಿಯೇ ಇರಲಿ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕೆಂದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 397ನೇ ಕಲಂ ಹೇಳುತ್ತದೆ. ಕೊಡದಿದ್ದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 200ರ ಪ್ರಕಾರ ಒಂದು ವರ್ಷದವರೆಗೆ ಜೈಲು. ಎಫ್‌ಐಆರ್ ತಂದರೆ ಮಾತ್ರ ನೋಡುತ್ತೇವೆ ಎನ್ನುವಂತಿಲ್ಲ.

ಅಲ್ಲಿ ನೀವು ಬಾಯಿಬಿಟ್ಟು ಕೇಳಬೇಕಾದ ವಾಕ್ಯ ಇದು: ‘ಪಾನೀಯದಲ್ಲಿ ಏನೋ ಬೆರೆಸಿದ ಅನುಮಾನವಿದೆ, ರಕ್ತ ಮತ್ತು ಮೂತ್ರ ಎರಡನ್ನೂ ವಿಷಪರೀಕ್ಷೆಗೆ ತೆಗೆದು ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸಿ, ತೆಗೆದ ಹೊತ್ತು ಬರೆಯಿರಿ.’ ಹೇಳದಿದ್ದರೆ ಗಾಯದ ಪರೀಕ್ಷೆ, ಸ್ವಾಬ್ ಆಗುತ್ತದೆ, ಮೂತ್ರ ಮರೆತುಹೋಗುತ್ತದೆ. ರಕ್ತವನ್ನು ಸೋಡಿಯಂ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬಿಗೆ ತೆಗೆಯಬೇಕು. ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು. ಒರೆಸಿದರೆ ಆ ಸ್ಪಿರಿಟ್ಟೇ ಮದ್ಯದ ಲೆಕ್ಕಕ್ಕೆ ಸೇರಿತೆಂದು ಎದುರು ವಕೀಲರು ಹಿಡಿದುಕೊಳ್ಳುತ್ತಾರೆ. ಮಾದರಿಗೆ ಸೀಲ್, ಚೀಟಿ, ಸಹಿ, ಆಮೇಲೆ ಫ್ರಿಜ್. ಇನ್ನೊಂದು ಎಡವಟ್ಟು ಕಾರ್ಡ್ ಟೆಸ್ಟಿನದ್ದು. ಐದು ನಿಮಿಷದ ಮೂತ್ರದ ಕಾರ್ಡ್ ಹಲವು ಔಷಧಗಳನ್ನು ಹಿಡಿಯುವುದೇ ಇಲ್ಲ. ಅದು ‘ನೆಗೆಟಿವ್’ ಎಂದಿತೆಂದು ಪ್ರಯೋಗಾಲಯಕ್ಕೆ ಕಳಿಸುವುದನ್ನು ಕೈಬಿಡುವಂತಿಲ್ಲ. ನೀವು ಸ್ವತಃ ತಗೊಂಡಿದ್ದೇನಿದೆ, ವಾಂತಿ ಮಾತ್ರೆಯೋ ಬಿಯರೋ ಗಾಂಜಾವೋ, ಮುಚ್ಚಿಡದೆ ಹೇಳಿ. ನಂತರ ವರದಿಯಲ್ಲಿ ಹೇಳದ ವಸ್ತು ಕಾಣಿಸಿಕೊಂಡರೆ ನಿಮ್ಮ ಉಳಿದ ಮಾತಿಗೂ ಪೆಟ್ಟು ಬೀಳುತ್ತದೆ. ಔಷಧ ಪತ್ತೆಯಾಗದೆ ಇದ್ದರೂ ಕೇಸ್ ಬಿದ್ದುಹೋಗುವುದಿಲ್ಲ. ತಡವಾಗಿ ತೆಗೆದ ಮಾದರಿಯಲ್ಲಿ ಸಿಗದಿರುವುದು ಸಹಜ. ಒಂದು ತಿಂಗಳಾದ ಮೇಲೆ ಕೂದಲಿನಲ್ಲಿ ಹುಡುಕುವ ವಿಧಾನವಿದೆ, ಎಲ್ಲ ಪ್ರಯೋಗಾಲಯದಲ್ಲೂ ಇಲ್ಲ. ಆ ತನಕ ಕೂದಲು ಕತ್ತರಿಸಬೇಡಿ, ಬಣ್ಣ ಹಚ್ಚಬೇಡಿ.

ದೌರ್ಜನ್ಯ ನಡೆದಿದೆ ಅಥವಾ ನಡೆದಿರಬಹುದು ಎಂದಾದರೆ ಚಿಕಿತ್ಸೆಗೂ ಗಡುವಿದೆ. ಗರ್ಭ ತಡೆಯಲು ಲೆವೊನೊರ್ಜೆಸ್ಟ್ರೆಲ್ 1.5 ಮಿ.ಗ್ರಾಂ. ಒಂದು ಮಾತ್ರೆ, 72 ತಾಸಿನೊಳಗೆ, ಬೇಗ ತಗೊಂಡಷ್ಟೂ ಒಳ್ಳೆಯದು. ನುಂಗಿದ ಮೇಲೆ ವಾಂತಿಯಾದರೆ ವೈದ್ಯರಿಗೆ ಹೇಳಿ, ಮತ್ತೊಂದು ಬೇಕಾಗಬಹುದು. ಎಚ್‌ಐವಿ ತಡೆಯುವ ಔಷಧ (ಪೆಪ್) ಕೂಡ 72 ತಾಸಿನೊಳಗೆ ಶುರುವಾಗಬೇಕು, 28 ದಿನ ಬಿಡದೆ ನುಂಗಬೇಕು. ಎರಡು ವಾರಕ್ಕೆ ಬಿಟ್ಟವರು ಬಹಳ, ವಾಕರಿಕೆ ಎಂದು. ಊಟದ ಜೊತೆ ತಗೊಂಡರೆ ಅದು ಎಷ್ಟೋ ತಗ್ಗುತ್ತದೆ. ಇವೆರಡರ ಜೊತೆ ಹೆಪಟೈಟಿಸ್ ಬಿ ಲಸಿಕೆ, ಲೈಂಗಿಕ ಸೋಂಕುಗಳಿಗೆ ಆ್ಯಂಟಿಬಯಾಟಿಕ್. ಪರೀಕ್ಷೆಯ ಪ್ರತಿ ಹಂತಕ್ಕೂ ನಿಮ್ಮ ಒಪ್ಪಿಗೆ ಬೇಕು, ಯಾವುದಕ್ಕೆ ಬೇಕಾದರೂ ಬೇಡ ಎನ್ನಬಹುದು, ಬೇಡ ಎಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಎರಡು ಬೆರಳಿನ ಪರೀಕ್ಷೆಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ಖಂಡಿಸಿತ್ತು, 2022ರಲ್ಲಿ ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದಿತು. ಯಾರಾದರೂ ಮಾಡಹೊರಟರೆ ಬೇಡ ಎನ್ನಿ. ವರದಿಯ ಪ್ರತಿ ಉಚಿತವಾಗಿ ನಿಮಗೆ ಸಿಗಬೇಕು, ಕೇಳಿ ಪಡೆಯಿರಿ.

ಪೊಲೀಸ್ ಕೆಲಸಕ್ಕೆ ಬಂದರೆ, ಘಟನೆ ಗೋಕರ್ಣದಲ್ಲಾದರೂ ದೂರನ್ನು ಹುಬ್ಬಳ್ಳಿಯಲ್ಲೋ ಶಿರಸಿಯಲ್ಲೋ ಕೊಡಬಹುದು. ಅದನ್ನು ಝೀರೋ ಎಫ್‌ಐಆರ್ ಎನ್ನುತ್ತಾರೆ, ಬಿಎನ್‌ಎಸ್‌ಎಸ್ 173ರಲ್ಲಿದೆ. ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. 2024ರ ಜುಲೈ 1ರಿಂದ ಈಚಿನ ಘಟನೆಗಳಿಗೆ ಬಿಎನ್‌ಎಸ್ ಅನ್ವಯ. ಅದರ 123ನೇ ಕಲಂ ಪ್ರಕಾರ ಅಪರಾಧ ಎಸಗುವ ಉದ್ದೇಶದಿಂದ ಅಮಲು ಬರಿಸುವ ವಸ್ತು ಕುಡಿಸುವುದೇ ಹತ್ತು ವರ್ಷದವರೆಗೆ ಜೈಲಾಗುವ ಅಪರಾಧ. ಮುಂದೇನೂ ನಡೆಯದೆ ಗೆಳತಿಯರು ಸಮಯಕ್ಕೆ ಎತ್ತಿಕೊಂಡು ಬಂದಿದ್ದರೂ ದೂರು ಕೊಡಬಹುದು ಎಂದಾಯಿತು. 63ನೇ ಕಲಂ ಪ್ರಕಾರ ಅಮಲಿನಲ್ಲಿದ್ದು ಏನು ನಡೆಯುತ್ತಿದೆ ಎಂದು ತಿಳಿಯದ ಸ್ಥಿತಿಯಲ್ಲಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಮದ್ಯವನ್ನು ಅವಳೇ ಇಷ್ಟಪಟ್ಟು ಕುಡಿದಿದ್ದರೂ ಅಷ್ಟೆ. ಶ್ಯಾಕ್, ಹೋಮ್‌ಸ್ಟೇಗಳ ಸಿಸಿಟಿವಿ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ, ಅದನ್ನು ಕೂಡಲೇ ವಶಪಡಿಸಿಕೊಳ್ಳಿ ಎಂದು ದೂರಿನಲ್ಲೇ ಬರೆಯಿರಿ. ನಿಮ್ಮ ಫೋನಿನ ಚಾಟ್, ಫೋಟೋ, ಕಾಲ್ ಪಟ್ಟಿ, ಯುಪಿಐ ದಾಖಲೆ ಯಾವುದನ್ನೂ ಅಳಿಸಬೇಡಿ. ನೆನಪಿರುವುದನ್ನು, ತುಂಡು ತುಂಡಾಗಿದ್ದರೂ ಇದ್ದ ಹಾಗೆಯೇ, ಬರೆದಿಡಿ. ನಡುವಿನ ಖಾಲಿಯನ್ನು ಊಹೆಯಿಂದ ತುಂಬಬೇಡಿ.

ನಿಮ್ಮ ಗೆಳತಿಯ ವಿಷಯ. ಅವಳ ಗ್ಲಾಸಿನಲ್ಲಿ ಏನಿತ್ತು ಎಂದು ಈಗ ಪರೀಕ್ಷೆಯಿಂದ ಖಚಿತವಾಗಿ ಹೇಳುವುದು ಕಷ್ಟ. ವಾಂತಿ ಮಾತ್ರೆಯ ಮೇಲೆ ಬಿಯರ್ ಬಿದ್ದಿರಬಹುದು, ಯಾರೋ ಬೆರೆಸಿರಬಹುದು. ಎರಡರಲ್ಲಿ ಯಾವುದಾದರೂ ಅವಳು ಪಡುವ ಕಳವಳ ಸಣ್ಣದಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಮೂರು ತಿಂಗಳು ದಾಟಿದ್ದರೆ ಉತ್ತರ ಖಚಿತವಾಗಿರುತ್ತದೆ, ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ) ಉಚಿತ, ಗುಟ್ಟಾಗಿಯೂ ಇರುತ್ತದೆ. ನಿದ್ದೆ ಬಾರದಿದ್ದರೆ, ಆ ರಾತ್ರಿ ಮತ್ತೆ ಮತ್ತೆ ತಲೆಗೆ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಇಂಥ ಗಂಭೀರ ಅಪರಾಧಕ್ಕೆ ದೂರು ಕೊಡಲು ಕಾಲಮಿತಿ ಇಲ್ಲ. ಕೊಡುವುದೋ ಬಿಡುವುದೋ ಅವಳದ್ದೇ ತೀರ್ಮಾನ, ನೀವು ಎಳೆದುಕೊಂಡು ಹೋಗಬೇಡಿ.

ಕೊನೆಗೆ ಮನೆಯವರಿಗೆ ತಿಳಿಯುವ ಪ್ರಶ್ನೆ. 18 ದಾಟಿದವರ ವಿಷಯವನ್ನು ಆಸ್ಪತ್ರೆ ಮನೆಗೆ ತಿಳಿಸಬೇಕಾಗಿಲ್ಲ. ಪೊಲೀಸರಿಗೆ ಮಾಹಿತಿ ಹೋಗುವುದು ಮಾತ್ರ ಕಾನೂನಿನ ಕಡ್ಡಾಯ. ದೂರು ಕೊಡಲು ಇಷ್ಟವಿಲ್ಲದಿದ್ದರೆ ಅದನ್ನು ಬರೆಸಿ ಸಹಿ ಮಾಡಿ. ಸಂತ್ರಸ್ತೆಯ ಹೆಸರು, ಗುರುತು ಬಯಲು ಮಾಡುವುದು ಬಿಎನ್‌ಎಸ್ 72ರ ಪ್ರಕಾರ ಅಪರಾಧ, ಊರಿನ ವಾಟ್ಸಾಪ್ ಗ್ರೂಪಿಗೂ ಅದು ಅನ್ವಯಿಸುತ್ತದೆ. ಆಸ್ಪತ್ರೆಯ ಸಾಲಿನಲ್ಲಿ ಪರಿಚಯದವರು ಸಿಗುವ ಅಳುಕಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿನ ಮೂಲಕ ಹೋಗಿ. ವೈದ್ಯಕೀಯ ಪರೀಕ್ಷೆ, ಪೊಲೀಸ್, ವಕೀಲರು, ತಂಗಲು ಜಾಗ ಎಲ್ಲದಕ್ಕೂ ಅಲ್ಲಿಂದ ಜೊತೆ ಸಿಗುತ್ತದೆ. ಉಚಿತ ಕಾನೂನು ನೆರವಿಗೆ 15100. ನಿಮ್ಮ ಗುಂಪಿನಲ್ಲಿ 18 ತುಂಬದ ತಂಗಿಯೋ ಕಸಿನ್ನೋ ಬರುತ್ತಿದ್ದರೆ ನಿಯಮ ಬೇರೆ: ಅಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೋ ಕಾಯ್ದೆ ಅನ್ವಯಿಸುತ್ತದೆ, ವಿಷಯ ಗೊತ್ತಾದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಬಹುದು.